ಒರೆಸದ ಹೆಬ್ಬೆರಳು

ಗ್ರಾಫೈಟ್ ಗಣಿಯ ಆರಿಸುವ ಷೆಡ್ಡಿನಲ್ಲಿ ಅವಳನ್ನು ಎಲ್ಲರೂ ಹೆಬ್ಬೆರಳಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಓದುಬರಹ ಬಾರದ ಹೆಂಗಸಿರಬೇಕು, ಸಹಿಯ ಬದಲು ಹೆಬ್ಬೆಟ್ಟು ಒತ್ತುತ್ತಾಳೆ ಎಂದುಕೊಳ್ಳುತ್ತಿದ್ದರು. ಅವಳ ಅಕ್ಷರವೋ ಮುತ್ತು ಪೋಣಿಸಿದ ಹಾಗೆ. ಷೆಡ್ಡಿನ ರೈಟರ್ ತನ್ನ ರಜೆಚೀಟಿಯನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದ. ಅಷ್ಟು ಚೆಂದದ ಅಕ್ಷರದಲ್ಲಿ ಹೊಟ್ಟೆನೋವು ಎಂದು ಬರೆದರೆ ಯಾವ ಮ್ಯಾನೇಜರೂ ಅನುಮಾನಪಡುವುದಿಲ್ಲ ಎಂಬುದು ಅವನ ನಂಬಿಕೆ.

ಹೆಸರು ಬಂದದ್ದು ಕೆಲಸದಿಂದ. ನೆಲದಾಳದಿಂದ ಬಂದ ಕಪ್ಪು ಕಲ್ಲನ್ನು ಕುಟ್ಟಿ, ನೀರಿನಲ್ಲಿ ತೇಲಿಸಿ, ಒಣಗಿಸಿ, ಷೆಡ್ಡಿನಲ್ಲಿ ಮೂಟೆ ಕಟ್ಟಿ ಸಾಲಾಗಿ ನಿಲ್ಲಿಸುತ್ತಿದ್ದರು. ಅವಳು ಒಂದೊಂದು ಮೂಟೆಯ ಬಾಯಿಂದ ಚಿಟಿಕೆ ಪುಡಿ ತೆಗೆದು ಬಲಗೈ ಹೆಬ್ಬೆರಳಿನ ಮೇಲೆ ತೋರುಬೆರಳಿನಿಂದ ಮೂರು ಸಲ ಉಜ್ಜುತ್ತಿದ್ದಳು. ಒಳ್ಳೆಯ ಮಾಲಾದರೆ ಬೆರಳು ಬೆಳ್ಳಿಯಂತೆ ಹೊಳೆಯುತ್ತದೆ, ಚರ್ಮಕ್ಕೆ ಎಣ್ಣೆ ಸವರಿದಂತೆ ಜಾರುತ್ತದೆ. ಕಾಗೆಬಂಗಾರವೋ ಕಬ್ಬಿಣದ ಕಲ್ಲೋ ಬೆರೆತಿದ್ದರೆ ಹೊಳಪು ಮಂಕು, ಉಜ್ಜಿದರೆ ಕರಕರ. ಪಾಸಾದ ಮೂಟೆಯ ಚೀಟಿಯ ಮೇಲೆ ಅದೇ ಕಪ್ಪು ಬೆರಳನ್ನು ಒತ್ತುತ್ತಿದ್ದಳು. ಗಣಿಗೆ ಇಳಿಯುವವರು ಮುನ್ನೂರು ಜನ, ಅವರು ತಂದದ್ದು ಎಂಥದ್ದು ಎಂದು ಹೇಳುವ ಹೆಂಗಸರು ನಾಲ್ವರು, ಆ ನಾಲ್ವರಲ್ಲಿ ಇವಳದೇ ಕೊನೆಯ ಮಾತು. ಲ್ಯಾಬಿನಲ್ಲಿ ಸುಟ್ಟು ನೋಡುವ ಕುಲುಮೆಯೂ ಇತ್ತು. ಆದರೆ ಅದು ಉತ್ತರ ಹೇಳಲು ಅರ್ಧ ದಿನ ತೆಗೆದುಕೊಳ್ಳುತ್ತಿತ್ತು. ಲಾರಿ ಅಷ್ಟು ಹೊತ್ತು ಕಾಯುತ್ತದೆಯೇ? ಬೆರಳು ಹೇಳಿದ ಮೇಲೆ ಲಾರಿ ಹೊರಡುತ್ತಿತ್ತು, ಲ್ಯಾಬಿನ ಲೆಕ್ಕ ಆಮೇಲೆ ಬರುತ್ತಿತ್ತು.

ಈ ವಿದ್ಯೆಯನ್ನು ಕಲಿಸಿದವಳು ಅವಳ ಸೋದರತ್ತೆ. ಬೆಂಚಿನ ಮೇಲೆ ಒಂದು ತಟ್ಟೆಯಲ್ಲಿ ಇಟ್ಟಿಗೆ ಪುಡಿ ಇರಬೇಕು, ಒಂದು ಮೂಟೆ ನೋಡಿ ಇನ್ನೊಂದಕ್ಕೆ ಹೋಗುವ ಮೊದಲು ಬೆರಳನ್ನು ಆ ಪುಡಿಯಲ್ಲಿ ತಿಕ್ಕಿ ಒರೆಸಬೇಕು, ಇದು ಅತ್ತೆಯ ಕಟ್ಟಪ್ಪಣೆ. ಹದಿನಾರರ ಸೊಸೆ ಒಮ್ಮೆ ಮರೆತಾಗ ಅತ್ತೆ ಅವಳ ಕೈಯನ್ನೇ ಹಿಡಿದುಕೊಂಡಿದ್ದಳು.

"ಒರೆಸದ ಬೆರಳು ಸುಳ್ಳು ಹೇಳುತ್ತೆ ಕಣೆ. ಹಿಂದಿನ ಮೂಟೆ ಹೊಳಪನ್ನೇ ಇದರದ್ದು ಅಂತ ತೋರಿಸಿಬಿಡುತ್ತೆ. ಗ್ರಾಫೈಟ್ ಮೋಸ ಮಾಡಲ್ಲ, ನಿನ್ನ ಬೆರಳೇ ನಿನಗೆ ಮೋಸ ಮಾಡೋದು."

ಅಲ್ಲಿಂದ ಇಪ್ಪತ್ತೊಂಬತ್ತು ವರ್ಷ ಅವಳು ಒರೆಸಿದಳು. ಗಂಡ ಎನ್ನುವವನು ಎರಡು ವರ್ಷ ಇದ್ದ, ಆಮೇಲೆ ಇರಲಿಲ್ಲ. ಆ ಕತೆ ಇಲ್ಲಿ ಬೇಡ, ಅವನಿಗೆ ಅಷ್ಟು ಮರ್ಯಾದೆ ಸಾಕು. ಅವಳ ಸಂಸಾರ ಅಂದರೆ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಇವಳಿಗೆ ಹದಿನಾಲ್ಕು. ಕಂಕುಳಲ್ಲಿ ಎತ್ತಿಕೊಂಡೇ ಬೆಳೆಸಿದಳು. ಅವನ ಎಡಗಾಲಿನ ಕಿರುಬೆರಳು ಹುಟ್ಟಿನಿಂದ ಸೊಟ್ಟ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಉಗುರು ಕತ್ತರಿಸುವಾಗ ಆ ಒಂದು ಬೆರಳಿಗೆ ಅವನು ಕಾರ್ಖಾನೆ ಸೈರನ್ನಿನ ಹಾಗೆ ಅರಚುತ್ತಿದ್ದ, ಇವಳು ಕತೆ ಹೇಳುತ್ತ ಕತ್ತರಿಸುತ್ತಿದ್ದಳು.

ಆ ತಮ್ಮ ಈಗ ಮೂವತ್ತನಾಲ್ಕರ ಗಂಡಸು. ಒಂದೂವರೆ ಗಂಟೆ ಬಸ್ಸಿನ ದಾರಿಯ ಪಟ್ಟಣದಲ್ಲಿ ಎರಕದ ಕಾರ್ಖಾನೆಯಲ್ಲಿ ಕೆಲಸ. ನೆಲದಲ್ಲಿ ಬಾವಿಯಂತೆ ತೋಡಿದ ಕುಲುಮೆ, ಅದರೊಳಗೆ ಮೂಸೆ, ಮೂಸೆಯ ತುಂಬ ಕರಗಿದ ಹಿತ್ತಾಳೆ. ಇಬ್ಬರು ಉದ್ದ ಹಿಡಿಯ ಇಕ್ಕಳ ಹಾಕಿ ಆ ಕೆಂಡದ ಪಾತ್ರೆಯನ್ನು ಎತ್ತಿ, ಹತ್ತು ಹೆಜ್ಜೆ ನಡೆದು, ಮರಳಿನ ಅಚ್ಚುಗಳಿಗೆ ಸುರಿಯುತ್ತಾರೆ. ಆ ಇಬ್ಬರಲ್ಲಿ ಒಬ್ಬ ಅವನು.

ಗ್ರಾಫೈಟ್ ಅಂದರೆ ನಮಗೆಲ್ಲ ಪೆನ್ಸಿಲ್ ನೆನಪಾಗುತ್ತದೆ. ಪೆನ್ಸಿಲ್ಲಿಗೆ ಹೋಗುವುದು ಚೂರುಪಾರು. ಅದೇ ಪುಡಿ ಬೀಗ ಜಾರಲು, ಯಂತ್ರ ಉರುಳಲು, ವಾಹನ ನಿಲ್ಲಲು ಬೇಕು, ಈಗೀಗ ಬ್ಯಾಟರಿಗೂ ಬೇಕು. ಮೂಸೆಯಂತೂ ಇವೆಲ್ಲಕ್ಕಿಂತ ಹಳೆಯ ಗಿರಾಕಿ. ದೊಡ್ಡ ಚಕ್ಕೆಯ ಗ್ರಾಫೈಟನ್ನು ಜೇಡಿಮಣ್ಣಿನ ಜೊತೆ ಕಲಸಿ, ವಾರಗಟ್ಟಲೆ ಒಣಗಿಸಿ, ಸುಟ್ಟು ಮಾಡಿದ ಮೂಸೆ ಬೆಂಕಿಗೆ ಜಗ್ಗುವುದಿಲ್ಲ. ಆದರೆ ಮಾಲಿನಲ್ಲಿ ಕಬ್ಬಿಣದ ಕಲ್ಲು ಸೇರಿತ್ತೋ, ಒಂದೊಂದು ಕಾವಿಗೂ ತಳ ಒಳಗೊಳಗೇ ಟೊಳ್ಳಾಗುತ್ತ ಹೋಗಿ ಒಂದು ದಿನ ಕೈಬಿಡುತ್ತದೆ. ಎತ್ತಿಕೊಂಡು ನಡೆಯುವಾಗ ಕೈಬಿಟ್ಟರೆ ಅದರ ಕೆಳಗೆ ಇರುವುದು ಮನುಷ್ಯನ ಕಾಲು.

ತಮ್ಮನ ಕಾರ್ಖಾನೆ ಮೂಸೆಗಳನ್ನು ತಾನೇ ಮಾಡಿಕೊಳ್ಳುತ್ತಿತ್ತು. ಗ್ರಾಫೈಟ್ ಹೋಗುತ್ತಿದ್ದದ್ದು ಅಕ್ಕನ ಗಣಿಯಿಂದ. ಯಾವ ಮಾಲಿನ ಮೂಸೆಯೆಂದು ಗೊತ್ತಿರಲಿ ಎಂದು ಮೂಟೆಯ ಚೀಟಿಯನ್ನು ಆ ಮೂಸೆ ಇಡುವ ಗೂಡಿಗೆ ಅಂಟಿಸುತ್ತಿದ್ದರು.

ಆ ವರ್ಷ ಗಣಿಗೆ ಒಳ್ಳೆಯ ಕಾಲ ಬಂದಿತ್ತು. ಗುಡ್ಡದ ಹಿಂಬದಿಯಲ್ಲಿ ಕೊರೆದು ನೋಡಿದಾಗ ಮುನ್ನೂರು ಅಡಿ ಆಳದಲ್ಲಿ ಹೊಸ ಎಳೆಯೊಂದು ಸಿಕ್ಕಿತ್ತು. ಇನ್ನು ನಲವತ್ತು ವರ್ಷ ತೆಗೆದರೂ ಮುಗಿಯುವುದಿಲ್ಲ ಎಂದು ಭೂವಿಜ್ಞಾನಿ ಹೇಳಿದ್ದೇ ತಡ, ಬ್ಯಾಟರಿ ಕಂಪನಿಯವರು ನೋಡಲು ಬಂದರು. ಅವರ ಕಣ್ಣಿಗೆ ಅಂದವಾಗಿ ಕಾಣಲಿ ಎಂದು ರೈಟರ್ ಷೆಡ್ಡನ್ನು ಗುಡಿಸಿ ಸಾರಿಸಿ, ಬೆಂಚಿನ ಮೇಲಿದ್ದ ಇಟ್ಟಿಗೆ ಪುಡಿಯ ತಟ್ಟೆಯನ್ನು ಬೆಂಚಿನಡಿ ತಳ್ಳಿದ.

ಮ್ಯಾನೇಜರ್ ಹೊಸ ಎಳೆಯ ಒಂದು ತುಂಡನ್ನು ಅವಳ ಕೈಗೆ ಕೊಟ್ಟರು. "ನಮ್ಮ ಹೆಬ್ಬೆರಳಕ್ಕ ನೋಡಿ ಹೇಳ್ತಾರೆ, ಕೇಳಿ."

ಅವಳು ಉಜ್ಜಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅಂಥ ಹೊಳಪನ್ನು ಅವಳು ಕಂಡಿರಲಿಲ್ಲ. ಬೆರಳು ಬೆರಳಲ್ಲ, ಹೊಸ ಚಮಚದ ಬೆನ್ನು. "ನೂರಕ್ಕೆ ತೊಂಬತ್ತಾರು," ಎಂದಳು. ಭೂವಿಜ್ಞಾನಿ ತನ್ನ ಕಾಗದ ತೆಗೆದು ಓದಿದ: ತೊಂಬತ್ತಾರು ದಶಾಂಶ ಎರಡು. ಬಂದವರು ಚಪ್ಪಾಳೆ ತಟ್ಟಿದರು. ಒಬ್ಬ ಅವಳ ಹೆಬ್ಬೆರಳಿನ ಫೋಟೋ ತೆಗೆದ. "ಈ ಬೆರಳಿಗೆ ವಿಮೆ ಮಾಡಿಸ್ಬೇಕು," ಎಂದು ಇನ್ನೊಬ್ಬ ನಕ್ಕ. ನಾಲ್ಕು ಜನ ಹೊಗಳಿದರೆ ಯಾರಿಗೆ ತಾನೇ ಹಿತವಾಗುವುದಿಲ್ಲ? ಅವಳು ಪೂರಿಯಂತೆ ಉಬ್ಬಿದಳು.

ಹೊರಗೆ ಲಾರಿ ಹಾರನ್ ಹೊಡೆಯುತ್ತಿತ್ತು. ನಲವತ್ತು ಮೂಟೆ, ಲಾಟ್ ನಂಬರ್ ಇನ್ನೂರ ಹದಿನೇಳು, ನೋಡುವುದು ಬಾಕಿಯಿತ್ತು. ಬಂದವರು ನಿಂತು ನೋಡುತ್ತಿದ್ದರು. ಬೆಂಚಿನಡಿಯ ತಟ್ಟೆ ಅವಳ ಕಣ್ಣಿಗೆ ಬಿತ್ತು. ಅಷ್ಟು ಜನರ ಮುಂದೆ ಮಂಡಿಯೂರಿ ಬೆಂಚಿನಡಿ ತೂರಲು ಅವಳಿಗೆ ನಾಚಿಕೆಯಾಯಿತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ನಲವತ್ತು ಮೂಟೆಯ ಸಾಲನ್ನೂ ರಾಣಿಯ ಹಾಗೆ ನಡೆದು ಮುಗಿಸಿದಳು. ನಲವತ್ತೂ ಹೊಳೆದವು. ನಲವತ್ತು ಚೀಟಿಗೂ ಬೆರಳು ಒತ್ತಿದಳು.

ಆಮೇಲೆ ಹತ್ತು ವಾರ ಏನೂ ಆಗಲಿಲ್ಲ. ಹೊಸ ಎಳೆಯಿಂದ ಕೊರೆದು ತೆಗೆದ ಮಾದರಿಗಳು ನೂರಾರು ಬಂದು ಲ್ಯಾಬಿನ ಕುಲುಮೆಗೆ ಬಿಡುವೇ ಇರಲಿಲ್ಲ. ನಾಳಿನ ಗಣಿ ಎಷ್ಟು ದೊಡ್ಡದೆಂದು ತಿಳಿಯುವ ಅವಸರದಲ್ಲಿ ನಿನ್ನೆ ಮಾರಿದ ಮೂಟೆಗಳಿಂದ ತೆಗೆದಿಟ್ಟ ಮಾದರಿಯ ಪ್ಯಾಕೆಟ್ಟುಗಳು ಒಂದು ಡಬ್ಬದಲ್ಲಿ ಕೂತೇ ಇದ್ದವು.

ಒಂದು ಬುಧವಾರ ಬೆಳಿಗ್ಗೆ ಅವಳು ದಿನದ ಪ್ಯಾಕೆಟ್ಟುಗಳನ್ನು ಕೊಡಲು ಲ್ಯಾಬಿಗೆ ಹೋದಳು. ಲ್ಯಾಬ್ ಮೇಡಂ ಎಂದರೆ ಇಪ್ಪತ್ತೇಳರ ಹುಡುಗಿ, ಹೆಬ್ಬೆರಳಕ್ಕನ ಮೇಲೆ ಅವಳಿಗೆ ಬಹಳ ಗೌರವ. ಪಿಂಗಾಣಿಯ ಪುಟ್ಟ ಬಟ್ಟಲೊಂದನ್ನು ಇಕ್ಕಳದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿದಳು.

"ಅಕ್ಕ, ಇದೊಂಚೂರು ನೋಡಿ. ಹಳೇ ಡಬ್ಬ ಈಗ ಶುರು ಮಾಡಿದೆ. ಸುಟ್ಟ ಮೇಲೆ ನೂರಕ್ಕೆ ಆರೋ ಏಳೋ ಬೂದಿ ಉಳೀಬೇಕು. ಇದರಲ್ಲಿ ಹತ್ತೊಂಬತ್ತು ಉಳಿದಿದೆ. ಅದೂ ನೋಡಿ, ಹೇಗೆ ಕೆಂಪಗಿದೆ."

ಬಟ್ಟಲಿನಲ್ಲಿ ಹೂಕುಂಡದ ಮಣ್ಣಿನ ಬಣ್ಣದ ಒಂದು ಚಿಟಿಕೆ. ಕಬ್ಬಿಣ ಬೆಂದರೆ ಆಗುವ ಕೆಂಪು. "ಯಾವ ಲಾಟ್ ಮೇಡಂ?" ಎಂದು ಕೇಳಿದಳು.

"ಇನ್ನೂರ ಹದಿನೇಳು. ನಿಮ್ಮ ಅಕ್ಷರವೇ."

ನಂಬರು ಕೇಳುತ್ತಲೇ ಮೊದಲು ಕಣ್ಣಿಗೆ ಕಟ್ಟಿದ್ದು ಬೆಂಚಿನಡಿಯ ತಟ್ಟೆ. ಆಮೇಲೆ ಫೋಟೋ ತೆಗೆದವನ ನಗು. ಅವಳಿಗೆ ಅರಿವಿಲ್ಲದೆಯೇ ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ.

"ಇದು ಎಲ್ಲಿಗೆ ಹೋಗಿದೆ ಅಂತ ನೋಡಿ ಹೇಳ್ತೀರಾ ಅಕ್ಕ? ಅರ್ಜೆಂಟೇನಿಲ್ಲ, ನಾಳೆ ಹೇಳಿದ್ರೂ ಆಯ್ತು. ಪ್ಯಾಕೆಟ್ ಅದಲುಬದಲಾಗಿರಬೇಕು. ನೀವು ಪಾಸ್ ಮಾಡಿದ್ದು ಹೀಗೆ ಬರೋಕೆ ಸಾಧ್ಯನೇ ಇಲ್ಲ."

ಆಗಲೇ ಹೇಳಿಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಬೆರಳಿನ ಕೆಲಸ ತೆಗೆದು ಯಂತ್ರ ತರುವ ಮಾತು ಆಫೀಸಿನಲ್ಲಿ ಆಗಲೇ ನಡೆಯುತ್ತಿತ್ತು. ಇವಳದು ಹೋದರೆ ಇನ್ನೂ ಮೂವರದು ಹೋಗುತ್ತದೆ. ಅದನ್ನೂ ಮೀರಿ, ಸುಮ್ಮನೆ ಯಾಕೆ ಸುಳ್ಳು, ಅವಳಿಗೆ ಮುಖ ತೋರಿಸಲು ಭಯವಾಯಿತು. "ನೋಡಿ ಹೇಳ್ತೀನಿ ಮೇಡಂ," ಎಂದು ಹೊರಗೆ ಬಂದಳು.

ಷೆಡ್ಡಿಗೆ ಹೋಗಿ ರೈಟರನ ಪುಸ್ತಕ ತೆರೆದಳು. ತನ್ನದೇ ಮುತ್ತಿನ ಅಕ್ಷರ. ಇನ್ನೂರ ಹದಿನೇಳು, ನಲವತ್ತು ಮೂಟೆ. ಎದುರಿಗೆ ಎರಕದ ಕಾರ್ಖಾನೆಯ ಹೆಸರು. ತಮ್ಮನದು.

ಅವಳು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು: ಕಲಸಲು ಒಂದು ವಾರ, ಒಣಗಲು ಆರೇಳು ವಾರ, ಸುಡಲು ಕೆಲವು ದಿನ. ಆ ಮೂಸೆಗಳು ಈಗ ತಾನೇ ಕುಲುಮೆಗೆ ಇಳಿದಿರಬೇಕು. ಭಾನುವಾರ ಮನೆಗೆ ಬಂದಾಗ ತಮ್ಮ ಏನೋ ಹೇಳಿದ್ದ. "ಅಕ್ಕ, ಸೋಮವಾರದಿಂದ ನಿನ್ನ ಹೊಸ ಮೂಸೆ ಹಾಕ್ತಿದೀವಿ." ಇವಳು ಅವನ ಮಗಳಿಗೆ ತಲೆ ಬಾಚುತ್ತ, ಹೂಂ ಎಂದಿದ್ದಳು. ಸೋಮವಾರ, ಮಂಗಳವಾರ, ಇವತ್ತು ಬುಧವಾರ. ಒಂದೊಂದು ಕಾವಿಗೂ ತಳ ತೆಳುವಾಗುತ್ತ ಹೋಗುತ್ತದೆ.

ತಮ್ಮನ ಫೋನಿಗೆ ಮಾಡಿದಳು. ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಎರಕದ ಮನೆಯೊಳಗೆ ಫೋನ್ ಒಯ್ಯುವಂತಿಲ್ಲ, ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುತ್ತಾರೆ. ಕಾರ್ಖಾನೆಯ ಆಫೀಸಿಗೆ ಮಾಡಿದಳು. ಒಬ್ಬ ಹೆಂಗಸು ಎತ್ತಿದಳು.

"ಎರಕದ ಕೆಲಸದಲ್ಲಿದಾರೆ. ಏನಾದ್ರೂ ಅರ್ಜೆಂಟಾ?"

"ಅರ್ಜೆಂಟ್ ಅಂದ್ರೆ… ಅಂಥದ್ದೇನಿಲ್ಲ. ಅವರಕ್ಕ ಮಾತಾಡ್ಬೇಕಂತೆ ಅಂತ ಹೇಳಿ."

"ಮೂರು ಗಂಟೆಗೆ ಎರಕ ಇದೆ. ಮುಗಿದ ಮೇಲೆ ಹೇಳ್ತೀನಿ ಬಿಡಿ."

ಫೋನ್ ಇಟ್ಟ ಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಂಥದ್ದೇನಿಲ್ಲವಂತೆ! ಮತ್ತೆ ಮಾಡಿದಳು, ಈ ಸಲ ಹೇಳಿಯೇ ಬಿಡಬೇಕೆಂದು. ಯಾರೂ ಎತ್ತಲಿಲ್ಲ, ಊಟದ ಹೊತ್ತು. ಇನ್ನೊಂದು ಸಲ. ಎತ್ತಲಿಲ್ಲ. ರೈಟರಿಗೂ ಹೇಳದೆ ಗೇಟು ದಾಟಿ ಬಸ್ಸು ಹತ್ತಿದಳು. ಆಗ ಗಂಟೆ ಒಂದು.

ಬಸ್ಸು ಹೋಗುವುದು ಒಂದೂವರೆ ಗಂಟೆ ಅಂದರೆ ಅದು ಕಾಗದದ ಮೇಲಿನ ಮಾತು. ದಾರಿಯಲ್ಲಿ ಎಲ್ಲಿ ಒಬ್ಬ ಕೈ ಅಡ್ಡ ಹಿಡಿದರೂ ಡ್ರೈವರ್ ನಿಲ್ಲಿಸುತ್ತಿದ್ದ. ಒಬ್ಬಳು ಹಾಸಿಗೆ ಸುತ್ತಿಕೊಂಡು ಬಂದು, ಅದು ಬಾಗಿಲಲ್ಲಿ ಸಿಕ್ಕಿ, ಕಂಡಕ್ಟರನ ಜೊತೆ ಜಗಳಕ್ಕೆ ನಿಂತಳು. ಹೆಬ್ಬೆರಳಕ್ಕ ಎರಡು ಸಲ ಆಫೀಸಿಗೆ ಫೋನ್ ಮಾಡಿದಳು. ಒಮ್ಮೆ ಎಂಗೇಜ್, ಒಮ್ಮೆ ಸಿಗ್ನಲ್ ಇಲ್ಲ. ಎದುರಿನ ಸೀಟಿನ ಕಂಬಿಗೆ ಬೆರಳನ್ನು ಉಜ್ಜುತ್ತಲೇ ಇದ್ದಳು, ಈಗ ಒರೆಸಿದರೆ ಅಂದಿನದು ಹೋಗುತ್ತದೆ ಎಂಬಂತೆ. ಪಕ್ಕದಲ್ಲಿ ಕೂತ ಮುದುಕ, "ಏನಮ್ಮ, ಅಂಟು ಹಿಡೀತಾ?" ಎಂದು ಕೇಳಿದ. ಅವಳು ತಲೆಯಾಡಿಸಿದಳು. ಕಣ್ಣು ಮುಚ್ಚಿದರೆ ತಮ್ಮನ ಮುಖ ಬರುತ್ತಿರಲಿಲ್ಲ. ಕಾಲು ಬರುತ್ತಿತ್ತು. ಸೊಟ್ಟ ಕಿರುಬೆರಳಿನ ಆ ಎಡಗಾಲು, ಸೋಪು ಹಚ್ಚಿ ತೊಳೆದು ಮಡಿಲಲ್ಲಿಟ್ಟುಕೊಂಡ ಮೂರು ವರ್ಷದ ಮಗುವಿನ ಕಾಲು.

ಬಸ್ಸಿಳಿದಾಗ ಮೂರಕ್ಕೆ ಹತ್ತು ನಿಮಿಷ. ನಲವತ್ತೈದು ವರ್ಷದ ಹೆಂಗಸು ರಸ್ತೆಯಲ್ಲಿ ಓಡುವುದನ್ನು ಅಂಗಡಿಯವರು ಎದ್ದು ನಿಂತು ನೋಡಿದರು. ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಹಳೆಯ ಆಳು, ಒಂದು ಕಾಲಿಗೆ ಬೇರೆ ಥರದ ಬೂಟು.

"ಎರಕದ ಹೊತ್ತಲ್ಲಿ ಯಾರನ್ನೂ ಬಿಡಲ್ಲಮ್ಮ. ಅರ್ಧ ಗಂಟೆ ಕೂತ್ಕೊಳ್ಳಿ."

"ನನ್ನ ತಮ್ಮ… ಒಳಗೆ…"

"ಎಲ್ಲರ ತಮ್ಮಂದಿರೂ ಒಳಗೇ ಇರೋದು. ಕೂತ್ಕೊಳ್ಳಿ, ನೀರು ಕುಡೀರಿ."

ಒಳಗೆ ಕುಲುಮೆಗೆ ಗಾಳಿ ಊದುವ ಗಾಳಿಯಂತ್ರದ ಮೊರೆತ ಕೇಳುತ್ತಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಮೂಸೆ ಕೆಟ್ಟದ್ದು!" ಎಂದು ಕೂಗಿದಳು. "ಇನ್ನೂರ ಹದಿನೇಳರ ಮೂಸೆ. ಗ್ರಾಫೈಟಲ್ಲಿ ಕಬ್ಬಿಣ ಇದೆ. ತಳ ಹೋಗುತ್ತೆ. ನಾನೇ ಪಾಸ್ ಮಾಡಿದ್ದು, ನಾನೇ, ಬೆರಳು ಒರೆಸದೆ ಪಾಸ್ ಮಾಡಿದೆ!"

ಬೆರಳಿನ ವಿಷಯ ಕಾವಲಿನವನಿಗೆ ತಿಳಿಯಲಿಲ್ಲ. ತಳ ಹೋಗುತ್ತೆ ಎಂಬ ಮಾತು ತಿಳಿಯಿತು. ಆ ಬೂಟಿನೊಳಗೆ ಅವನಿಗೆ ಅರ್ಧ ಪಾದ ಮಾತ್ರ ಇತ್ತು, ಉಳಿದರ್ಧ ಹದಿನೆಂಟು ವರ್ಷದ ಹಿಂದೆ ಇದೇ ಎರಕದ ಮನೆಯಲ್ಲಿ ಹೋಗಿತ್ತು. ಅವನು ಕುಂಟುತ್ತಲೇ ಓಡಿದ. ಇವಳು ಹಿಂದೆ ಓಡಿದಳು.

ಒಳಗೆ ಕತ್ತಲೆ, ಮಧ್ಯದಲ್ಲಿ ನೆಲದಿಂದ ಎದ್ದ ಕಿತ್ತಳೆ ಬೆಳಕು. ಮುಚ್ಚಳ ತೆಗೆದಾಗಿತ್ತು. ತಮ್ಮನೂ ಅವನ ಜೊತೆಗಾರನೂ ಬಗ್ಗಿ ಇಕ್ಕಳವನ್ನು ಮೂಸೆಯ ಹೊಟ್ಟೆಗೆ ಕಚ್ಚಿಸುತ್ತಿದ್ದರು. ಆ ಮೊರೆತದಲ್ಲಿ ಅವಳು ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಕಾವಲಿನವನು ಗೋಡೆಗೆ ತೂಗುಹಾಕಿದ್ದ ಕಬ್ಬಿಣದ ಕಂಬಿಯನ್ನು ಸುತ್ತಿಗೆಯಿಂದ ಬಡಿದ. ಒಂದು, ಎರಡು, ಮೂರು. ಮೇಸ್ತ್ರಿ ತಿರುಗಿ ನೋಡಿ ಗಾಳಿಯಂತ್ರ ನಿಲ್ಲಿಸಿದ.

"ಏನಕ್ಕ ಇದು?" ತಮ್ಮ ಮುಖವಾಡ ಸರಿಸಿದ. ಬೆವರಿನಲ್ಲಿ ಕಣ್ಣು ಕಿರಿದಾಗಿದ್ದವು. "ಮನೇಲಿ ಏನಾದ್ರೂ…"

"ಎತ್ತಬೇಡ." ಇಷ್ಟನ್ನೇ ಅವಳು ನಾಲ್ಕು ಸಲ ಹೇಳಿದಳು. ಆಮೇಲೆ ಮೇಸ್ತ್ರಿಯ ಮುಂದೆ, ಎರಕದ ಮನೆಯ ಹನ್ನೆರಡು ಜನರ ಮುಂದೆ, ತಟ್ಟೆಯಿಂದ ಹಿಡಿದು ಕೆಂಪು ಬೂದಿಯವರೆಗೆ ಎಲ್ಲವನ್ನೂ ಹೇಳಿದಳು. ತಮ್ಮ ನಗಲು ನೋಡಿದ. "ಎರಡು ದಿನದಿಂದ ಎತ್ತುತ್ತಾ ಇದೀವಲ್ಲಕ್ಕ. ಬೆಳಿಗ್ಗೆ ಕೂಡ ಎತ್ತಿದೀವಿ. ಏನೂ ಆಗಿಲ್ಲ. ನೀನು ಪಾಸ್ ಮಾಡಿದ ಮಾಲು ಕೆಟ್ಟದಿರುತ್ತಾ?"

ಅವನ ಕೈ ಇನ್ನೂ ಇಕ್ಕಳದ ಮೇಲೆಯೇ ಇತ್ತು. ಅವಳು ಹೋಗಿ ಆ ಕೈಯ ಮೇಲೆ ಕೈಯಿಟ್ಟಳು. ಕಾವಿಗೆ ಮುಂಗೈಯ ಕೂದಲು ಸುಟ್ಟ ವಾಸನೆ ಬಂತು. "ನನ್ನ ಮಾತು ನಂಬೋದಾದ್ರೆ ಈಗ ನಂಬು," ಎಂದಳು.

ಮೇಸ್ತ್ರಿ ಕಾವಲಿನವನ ಬೂಟನ್ನು ಒಮ್ಮೆ ನೋಡಿದ. "ಇಕ್ಕಳ ಬಿಡಿಸು. ಲೋಹ ಅಲ್ಲೇ ಆರಲಿ, ಹೋದ್ರೆ ಹೋಗ್ಲಿ. ಎಲ್ಲ ಆಚೆ ನಡೀರಿ."

ಎಲ್ಲರೂ ಅಂಗಳದ ನೀರಿನ ಟ್ಯಾಂಕಿನ ನೆರಳಿಗೆ ಬಂದರು. ಒಂದು ದಿನದ ಕೆಲಸ ಹಾಳಾಯಿತೆಂದು ಜೊತೆಗಾರ ಮುಖ ಗಂಟಿಕ್ಕಿದ್ದ. ಅವಳು ಮೆಟ್ಟಿಲ ಮೇಲೆ ಕೂತಳು. ಒಳಗಿಂದ ಸದ್ದಿಲ್ಲ. ಐದು ನಿಮಿಷ. ಹತ್ತು. ಮೂಸೆ ಗಟ್ಟಿಯಿದ್ದರೆ? ಪ್ಯಾಕೆಟ್ಟೇ ಅದಲುಬದಲಾಗಿದ್ದರೆ? ಆಗ ಅವಳು ತಲೆ ಕೆಟ್ಟ ಹೆಂಗಸು, ತಮ್ಮನಿಗೂ ಇಲ್ಲಿ ತಲೆಯೆತ್ತುವಂತಿಲ್ಲ. ಹಾಗೇ ಆಗಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ತಲೆ ಕೆಟ್ಟವಳಾದರೂ ಪರವಾಗಿಲ್ಲ, ಬೆರಳು ತಪ್ಪಿರಬಾರದು.

"ಬೂಟು ಬಿಚ್ಚು," ಎಂದಳು ತಮ್ಮನಿಗೆ.

"ಏನು?"

"ಬಿಚ್ಚೋ."

ಹನ್ನೊಂದು ಜನ ನೋಡುತ್ತಿದ್ದರೂ ಅವನು ಬಿಚ್ಚಿದ, ಅಕ್ಕನ ಆ ದನಿಗೆ ಅವನು ಮೂರು ವರ್ಷದವನಿದ್ದಾಗಿನಿಂದಲೂ ಎದುರಾಡಿದವನಲ್ಲ. ಬೆವರಿಗೆ ಬೆಳ್ಳಗೆ ಸುಕ್ಕಾದ ಪಾದ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತೇ ಇತ್ತು. ಅವಳು ಅದನ್ನು ಹಿಡಿದುಕೊಂಡಳು.

ಆಗ ಒಳಗೆ ಧಪ್ ಎಂದಿತು. ದೊಡ್ಡ ಸದ್ದಲ್ಲ, ಹಿಟ್ಟಿನ ಮೂಟೆ ನೆಲಕ್ಕೆ ಬಿದ್ದ ಹಾಗೆ. ಮರುಕ್ಷಣವೇ ಬುಸ್ಸೆಂದು ಬಾಗಿಲಿನ ತುಂಬ ಹಳದಿ ಬೆಳಕು, ಬಿಳಿ ಹೊಗೆ. ಮೂಸೆಯ ತಳ ಪೂರ್ತಿ ಹೋಗಿ ಲೋಹವೆಲ್ಲ ಕುಲುಮೆಯ ಹೊಂಡಕ್ಕೆ ಸುರಿದಿತ್ತು. ಜೊತೆಗಾರ ಮೆಲ್ಲಗೆ ನೆಲಕ್ಕೆ ಕುಸಿದು ಕೂತ. ಮೇಸ್ತ್ರಿ ಬಾಗಿಲ ತನಕ ಹೋಗಿ, ಕುಲುಮೆಯಿಂದ ಅಚ್ಚಿನ ಸಾಲಿನವರೆಗಿನ ಆ ಹತ್ತು ಹೆಜ್ಜೆಯ ನೆಲವನ್ನು ನೋಡುತ್ತ ನಿಂತ.

ತಮ್ಮ ಬಾಗಿಲಿನ ಹೊಗೆಯಿಂದ ಕಣ್ಣು ಕಿತ್ತು ಅಕ್ಕನ ಕಡೆ ತಿರುಗಿದ. ಅವನ ತುಟಿ ಬಿಳಿಚಿಕೊಂಡಿತ್ತು.

"ಅಕ್ಕ, ದಿನಾ ಬೆಳಿಗ್ಗೆ ಮೂಸೇನ ಬೋರಲು ಹಾಕಿ ಮರದ ಸುತ್ತಿಗೇಲಿ ತಟ್ಟಿ ನೋಡ್ತೀವಿ. ಗಟ್ಟಿಯಿದ್ರೆ ಗಂಟೆ ಥರ ಠಣ್ ಅನ್ನುತ್ತೆ. ತಳ ಹೋಗ್ತಾ ಇದ್ರೆ ಸತ್ತ ಸದ್ದು. ಇದು ಎಲ್ಲ ಮೂಸೆಗೂ ಮಾಡ್ಬೇಕು, ಕಾನೂನು." ಅವನು ಬಿಚ್ಚಿಟ್ಟ ಬೂಟನ್ನು ನೋಡಿದ. "ನಿನ್ನ ಬೆರಳಿನ ಚೀಟಿ ಇರೋದನ್ನ ನಾನು ತಟ್ಟೋದೇ ಇಲ್ಲ. ಇವತ್ತೊಂದೇ ಅಲ್ಲ, ಒಂಬತ್ತು ವರ್ಷದಿಂದ. ಅಕ್ಕನ್ನ ಅನುಮಾನಿಸಿದ ಹಾಗಾಗುತ್ತೆ ಅಂತ."

ಈ ಮಾತು ಕೇಳಿದಾಗ ಅವಳಿಗೆ ಆದ ಭಯದ ಮುಂದೆ ಬಸ್ಸಿನ ಭಯ ಏನೂ ಅಲ್ಲ. ಒಂಬತ್ತು ವರ್ಷ ಅವನು ತನ್ನ ಕಾಲುಗಳನ್ನು ಒಂದು ಕಪ್ಪು ಗುರುತಿನ ಮೇಲೆ ಇಟ್ಟು ನಡೆದಿದ್ದ. ಅದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಅಲ್ಲೇ, ಎಲ್ಲರೆದುರು, ಅವನ ಪಾದ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ಲ್ಯಾಬ್ ಮೇಡಂ ಕೇಳುವ ಮೊದಲೇ ಹೇಳಿದಳು. ಮೇಡಂ ಪಿಂಗಾಣಿ ಬಟ್ಟಲನ್ನು ಕೆಳಗಿಟ್ಟು, ಅವಳ ಮುಖ ನೋಡಲಾರದೆ ಕಿಟಕಿ ನೋಡಿದಳು. ಇನ್ನೂರ ಹದಿನೇಳರ ಉಳಿದ ಮೂಸೆಗಳನ್ನೆಲ್ಲ ಒಡೆದು ಹಾಕಿದರು. ಲ್ಯಾಬಿನ ಕುಲುಮೆ ಹೇಳದೆ ಲಾರಿ ಹೊರಡಕೂಡದು ಎಂದು ಹೊಸ ಕಟ್ಟಳೆ ಬಂತು. ಲಾರಿ ಕಾಯುತ್ತದೆ, ಕಾಯಬಲ್ಲದು ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಉಳಿದ ಮೂವರು ಹೆಂಗಸರ ಬೆರಳಿನ ಕೆಲಸ ಉಳಿಯಿತು. ಇವಳನ್ನು ಮೂಟೆ ಹೊಲಿಯುವ ಸಾಲಿಗೆ ಹಾಕಿದರು. ಅವಳು ಎದುರಾಡಲಿಲ್ಲ. ಹೆಬ್ಬೆರಳಕ್ಕ ಎಂಬ ಹೆಸರನ್ನು ಯಾರೂ ಬಿಡಲಿಲ್ಲ, ಅದನ್ನು ಕೇಳಿದಾಗಲೆಲ್ಲ ಅವಳ ಬೆರಳು ಈಗಲೂ ಮುಷ್ಟಿಯೊಳಗೆ ಸೇರುತ್ತದೆ.

ಅವಳು ಹಿಂದೆ ಒರೆಸಿ, ನೋಡಿ, ಪಾಸ್ ಮಾಡಿದ ಮಾಲಿನ ಮೂಸೆಗಳು ತಮ್ಮನ ಕಾರ್ಖಾನೆಯಲ್ಲಿ ಇನ್ನೂ ಕೆಲವು ಇವೆ. ದಿನಾ ಬೆಳಿಗ್ಗೆ ಏಳೂವರೆಗೆ, ಫೋನನ್ನು ಪೆಟ್ಟಿಗೆಗೆ ಹಾಕುವ ಮೊದಲು, ಅವನು ಅಕ್ಕನಿಗೆ ಫೋನ್ ಮಾಡುತ್ತಾನೆ. ಹೇಗಿದೀಯ ಅನ್ನುವುದಿಲ್ಲ, ತಿಂಡಿ ಆಯ್ತಾ ಅನ್ನುವುದಿಲ್ಲ. ಅವಳ ಬೆರಳಿನ ಚೀಟಿ ಇರುವ ಮೂಸೆಯನ್ನೇ ಮೊದಲು ಅಂಗಳದಲ್ಲಿ ಬೋರಲು ಹಾಕಿ, ಫೋನನ್ನು ಅದರ ಹತ್ತಿರ ಹಿಡಿದು, ಮರದ ಸುತ್ತಿಗೆ ಎತ್ತುತ್ತಾನೆ. ಅತ್ತ ಅವಳು ದಬ್ಬಣವನ್ನು ಕೆಳಗಿಟ್ಟು, ಕಿವಿಗೆ ಫೋನೊತ್ತಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಾಳೆ. ಠಣ್ ಎಂದ ಮೇಲೆಯೇ ಅವಳು ಉಸಿರು ಬಿಡುವುದು.